ಇಲಿಗಳಿಗೆ ಉಡಿ ತುಂಬಿದ್ದು

ಚಿನ್ನೀ, ಗುಂಡೂ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಸದ್ಯಕ್ಕೆ ನಿಮ್ಮಪ್ಪನೇ ಓದಿ ಹೇಳಬೇಕು. ಅವನು ನಡುವೆ ಒಂದು ಪುಟ ಹಾರಿಸಿದರೆ ಬಿಡಬೇಡಿ. ಅದು ಅವನ ವಿಷಯ ಬರುವ ಪುಟವಾಗಿರುತ್ತದೆ.

ಬರೆಯಲು ಕಾರಣ ಚಿನ್ನಿ. ಕಳೆದ ವಾರ ಅವಳು ನಿಮ್ಮಮ್ಮನ ಕಪ್ಪು ರಟ್ಟಿನ ಸಂಶೋಧನಾ ಪ್ರಬಂಧವನ್ನು ಶಾಲೆಗೆ ಹೊತ್ತುಕೊಂಡು ಹೋದಳು. ಅದರ ಮೊದಲ ಪುಟಗಳಲ್ಲಿ ನನ್ನ ಬಗ್ಗೆ ಇರುವ ಒಂದು ಸಾಲನ್ನು ಇಡೀ ತರಗತಿಗೆ ಓದಿ, "ಮೈ ಅಜ್ಜಿ ಈಸ್ ಎ ಸೈಂಟಿಸ್ಟ್" ಎಂದು ಸಾರಿ ಬಂದಳು. ಮಧ್ಯಾಹ್ನ ಅವಳನ್ನು ಕರೆತರಲು ಹೋದಾಗ ಟೀಚರು ಗೇಟಿನವರೆಗೆ ಬಂದು ನನ್ನ ಕೈ ಕುಲುಕಿದರು. ಏನು ಹೇಳಬೇಕೆಂದು ತೋಚದೆ ನಾನು "ಥ್ಯಾಂಕ್ಯೂ" ಎಂದೆ. ಈ ದೇಶದಲ್ಲಿ ಏನೂ ತೋಚದಾಗಲೆಲ್ಲ ನಾನು ಥ್ಯಾಂಕ್ಯೂ ಎನ್ನುತ್ತೇನೆ. ಒಮ್ಮೆ ಬಸ್ಸಿನಲ್ಲಿ ನನ್ನ ಕಾಲು ತುಳಿದವನಿಗೂ ಹೇಳಿದ್ದೇನೆ.

ಸುಳ್ಳು ಇನ್ನಷ್ಟು ಬೆಳೆಯುವ ಮೊದಲು ನಿಜ ಬರೆದಿಡುವುದು ಒಳ್ಳೆಯದು. ನಿಮ್ಮಜ್ಜಿ ವಿಜ್ಞಾನಿಯಲ್ಲ. ಗದಗಿನ ಕಡೆಯ ಒಂದು ಹಳ್ಳಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಇಲ್ಲಿ ಎರಡು ವರ್ಷ ಇಲಿಗಳ ಪಂಜರ ತೊಳೆದವಳು. ಆ ಕಪ್ಪು ರಟ್ಟಿನ ಪುಸ್ತಕಕ್ಕೆ ನಾನು ಮಾಡಿದ ಸೇವೆ ಒಂದೇ, ಅದನ್ನು ಏಳು ತಿಂಗಳು ಹಿಂದಕ್ಕೆ ತಳ್ಳಿದ್ದು.

ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಈ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿಗೆ ಬಂದೆ. ದೊಡ್ಡ ಭೂಕಂಪವಾಗಿ ಮೂರು ವರ್ಷ ಕಳೆದಿತ್ತು. ಊರ ನಡುವೆ ಇನ್ನೂ ಬಯಲುಗಳಿದ್ದವು, ರಸ್ತೆಗಳಲ್ಲಿ ಕಿತ್ತಳೆ ಬಣ್ಣದ ಕೋನುಗಳಿದ್ದವು. ನಿಮ್ಮಪ್ಪ ಆಗಲೂ ಹಾರ್ನ್‌ಬಿಯ ಆ ದೊಡ್ಡ ಗೋದಾಮಿನಲ್ಲೇ ಇದ್ದ. ನಿಮ್ಮಮ್ಮ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಚಿನ್ನಿ ಮೂರು ವರ್ಷದ ಕೂಸು. ಗುಂಡು ಇನ್ನೂ ಯೋಚನೆಯಲ್ಲೂ ಇರಲಿಲ್ಲ.

ನನ್ನ ನಾಚಿಕೆ ನಿಮಗೆ ಗೊತ್ತಿರುವುದೇ. ಮನೆಗೆ ಕನ್ನಡದವರು ಬಂದರೆ ನಾನು ಅಡುಗೆಮನೆಯ ಸಿಂಕಿನ ಮುಂದೆ ನಿಂತು, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದೆ. "ಆಂಟಿ ಎಲ್ಲಿ?" ಎಂದು ಯಾರಾದರೂ ಕೇಳಿದರೆ ನಿಮ್ಮಪ್ಪ, "ನಮ್ಮವ್ವ ಸಿಂಕ್ ಕಾಯಾಕತ್ತಾಳ" ಎನ್ನುತ್ತಿದ್ದ. ಒಂದು ದಿನ ನಿಮ್ಮಮ್ಮ ನನ್ನ ಪಕ್ಕ ಬಂದು ನಿಂತಳು.

"ಅತ್ತೆ, ನಮ್ಮ ಅನಿಮಲ್ ಹೌಸಲ್ಲಿ ತೊಳೆಯೋ ಹೆಂಗಸು ಟೌರಂಗಾಗೆ ಹೊರಟುಹೋದ್ರು. ಬೆಳಗಿನ ಹೊತ್ತು ಬರೀ ನಾಲ್ಕು ಗಂಟೆಯಷ್ಟು ಕೆಲಸ. ನೀವು ಹೇಗೂ ಇಲ್ಲಿ ತೊಳೆದಿದ್ದನ್ನೇ ತೊಳೀತಿದೀರ. ಅಲ್ಲಿ ಬಂದು ಕೊಳೆ ಇರೋದನ್ನ ತೊಳೀರಿ. ಯಾರ ಜೊತೆನೂ ಮಾತಾಡ್ಬೇಕಿಲ್ಲ."

ಕೊನೆಯ ಮಾತು ಕೇಳಿ ನಾನು ಒಪ್ಪಿಕೊಂಡೆ.

ಆ ಪ್ರಾಣಿಮನೆಯ ಮೇಲ್ವಿಚಾರಕಿ ಒಬ್ಬ ಎತ್ತರದ ಮಾವೊರಿ ಹೆಂಗಸು. ನನಗೆ ಮೂರು ಪ್ರಶ್ನೆ ಕೇಳಿದಳು. ಮೊದಲನೆಯದಕ್ಕೆ ಯಸ್ ಎಂದೆ, ಎರಡನೆಯದಕ್ಕೆ ಥ್ಯಾಂಕ್ಯೂ ಎಂದೆ, ಮೂರನೆಯದಕ್ಕೆ ಎರಡನ್ನೂ ಸೇರಿಸಿ ಹೇಳಿದೆ. "ಸ್ವೀಟ್ ಆ್ಯಸ್" ಎಂದು, ಅಂದರೆ ಇಲ್ಲಿನವರ ಭಾಷೆಯಲ್ಲಿ ಭೇಷ್ ಎಂದು, ನಗುತ್ತ ಕೆಲಸ ಕೊಟ್ಟಳು. ಆ ಕೆಲಸಕ್ಕೆ ಸೀರೆ ನಡೆಯುವುದಿಲ್ಲವೆಂದು ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಪ್ಯಾಂಟು ತೊಟ್ಟೆ. ಎರಡು ಕಾಲಿಗೂ ಬೇರೆ ಬೇರೆ ಚೀಲ ಕಟ್ಟಿದಂತಾಗಿ, ಒಂದು ವಾರ ಕೆಸರಲ್ಲಿ ನಡೆಯುವವಳ ಹಾಗೆ ಕಾಲೆತ್ತಿ ಎತ್ತಿ ಇಟ್ಟೆ. ಅದರ ಮೇಲೆ ಬಿಳಿ ನಿಲುವಂಗಿ, ತಲೆಗೆ ಬಲೆ, ಕೈಗವಸು, ಮೂಗಿಗೆ ಬಟ್ಟೆ. ಕನ್ನಡಿಯಲ್ಲಿ ನೋಡಿಕೊಂಡರೆ ನಾನು ಯಾರೆಂದು ನನಗೇ ತಿಳಿಯಲಿಲ್ಲ. ನಾಚುವವಳಿಗೆ ಇದಕ್ಕಿಂತ ಒಳ್ಳೆಯ ಉಡುಪಿಲ್ಲ.

ನನ್ನ ಕೆಲಸ ಎರಡು. ತೊಳೆಯುವ ಕೋಣೆಯಲ್ಲಿ ಪಂಜರ, ಬಾಟಲಿ ತೊಳೆಯುವುದು. ಇಲಿಗಳ ಕೋಣೆಯಲ್ಲಿ ನೀರಿನ ಬಾಟಲಿ ಬದಲಿಸುವುದು. ಪಂಜರ ತೆರೆಯುವ ಹಾಗಿಲ್ಲ, ಇಲಿ ಮುಟ್ಟುವ ಹಾಗಿಲ್ಲ, ತಿನ್ನುವುದೇನನ್ನೂ ಒಳಗೆ ತರುವ ಹಾಗಿಲ್ಲ. ನಿಯಮಗಳ ಕಾಗದ ಗೋಡೆಗೆ ಅಂಟಿಸಿತ್ತು. ನಿಮ್ಮಮ್ಮ ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದ್ದಳು. ಆದ್ದರಿಂದ ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಇಲಿಗಳಲ್ಲಿ ಎರಡು ವಂಶದವಿದ್ದವು. ಒಂದು ಪೂರ್ತಿ ಬಿಳಿ, ಇನ್ನೊಂದಕ್ಕೆ ತಲೆ ಮಾತ್ರ ಕಪ್ಪು. ಬಿಳಿಯವು ಹುಟ್ಟಿನಿಂದಲೇ ಸಮಾಧಾನದವು. ಬಾಟಲಿ ಕೈತಪ್ಪಿ ಬಿದ್ದರೂ ಒಮ್ಮೆ ನೋಡಿ ಮತ್ತೆ ಮಲಗುತ್ತಿದ್ದವು. ಕರಿತಲೆಯವು ನನ್ನ ನೆರಳು ಕಂಡರೆ ಮೂಲೆಗೆ ಹೋಗಿ ಒಂದರ ಮೇಲೊಂದು ಏರುತ್ತಿದ್ದವು. ನಿಮ್ಮಮ್ಮ ಇದನ್ನು ಒಂದು ದಿನ ಕಾರಿನಲ್ಲಿ ವಿವರಿಸಿದಳು. ಭಯವಾದಾಗ ಮಿದುಳಿನಿಂದ ಒಂದು ಅಪ್ಪಣೆ ಇಳಿದು, ಮೂತ್ರಪಿಂಡದ ಮೇಲೆ ಕುಳಿತಿರುವ ಸಣ್ಣ ಗ್ರಂಥಿಗೆ ತಲುಪುತ್ತದಂತೆ. ಅದು ರಕ್ತಕ್ಕೆ ಒಂದು ಹಾರ್ಮೋನು ಬಿಡುತ್ತದೆ. ನಾನು ಅದಕ್ಕೆ ಗಾಬರಿ ರಸ ಎಂದು ಹೆಸರಿಟ್ಟೆ. ಆ ರಸವೇ ತಿರುಗಿ ಮಿದುಳಿಗೆ ಹೋಗಿ, ಸಾಕು ನಿಲ್ಲಿಸು ಎನ್ನುತ್ತದೆ. ಸಮಾಧಾನದ ವಂಶದಲ್ಲಿ ಆ "ಸಾಕು" ಬೇಗ ಕೇಳಿಸುತ್ತದೆ, ಗಾಬರಿ ವಂಶದಲ್ಲಿ ತಡವಾಗಿ. ಅದರ ಮೇಲೆ ಹೆಣ್ಣು ಇಲಿಗಳಲ್ಲಿ ಗಂಡಿಗಿಂತ ರಸ ಹೆಚ್ಚು ಏರುತ್ತದೆ. ವಂಶವೂ ಹೆಣ್ಣುತನವೂ ಕೂಡಿದಾಗ ಏನಾಗುತ್ತದೆ ಎಂಬುದು ನಿಮ್ಮಮ್ಮನ ಕೊನೆಯ ಅಧ್ಯಾಯ.

"ಹಂಗಾದ್ರ ನಾ ಕರಿತಲಿ ವಂಶದಾಕಿ" ಎಂದೆ.

"ಅತ್ತೆ, ಮನುಷ್ಯರನ್ನ ಹಾಗೆ ಹೇಳಕ್ಕಾಗಲ್ಲ."

ಅವಳು ವಿಜ್ಞಾನಿ, ಹೇಳುವ ಹಾಗಿಲ್ಲ. ನನಗೇನು? ನಮ್ಮವ್ವ ಪಾತ್ರೆಯ ಮುಚ್ಚಳ ಬಿದ್ದರೆ ಎದೆ ಹಿಡಿದುಕೊಂಡು ಕೂರುತ್ತಿದ್ದಳು. ಅವಳ ಅವ್ವ, ಯಾರಾದರೂ ಸೀನಿದರೆ ಹೊಸ್ತಿಲಿಂದ ಒಳಗೆ ಓಡುತ್ತಿದ್ದಳಂತೆ. ಆ ವರ್ಷವೂ ಆಗಾಗ ನೆಲ ನಡುಗುತ್ತಿತ್ತು. ಒಂದು ಸಂಜೆ ಊಟಕ್ಕೆ ಕುಳಿತಾಗ ಮನೆಯೆಲ್ಲ ಗಡಗಡ ಎಂದಿತು. ನಿಮ್ಮಪ್ಪ ಎಲ್ಲರಿಗಿಂತ ಮೊದಲು ಮೇಜಿನ ಕೆಳಗಿದ್ದ. ನಿಮ್ಮಮ್ಮ ಚಿನ್ನಿಯನ್ನು ಹಿಡಿದು, "ಫೋರ್ ಪಾಯಿಂಟ್ ಟೂ ಇರ್ಬೇಕು" ಎಂದು ಅಂದಾಜು ಕಟ್ಟುತ್ತಿದ್ದಳು. ನಾನು ಕುಕ್ಕರನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತಿದ್ದೆ. ನಡುಕ ನಿಂತು ಅರ್ಧ ಗಂಟೆಯಾದರೂ ಬಿಟ್ಟಿರಲಿಲ್ಲ. "ಸಾಕು" ನನಗೆ ಕೇಳಿಸಿದ್ದು ಮಾರನೆಯ ದಿನ.

ಈಗ ತಪ್ಪಿಗೆ ಬರುತ್ತೇನೆ. ತಪ್ಪು ಮಾಡಿದವರು ಪೀಠಿಕೆ ಉದ್ದ ಮಾಡುತ್ತಾರೆ.

ಪ್ರತಿ ಪಂಜರಕ್ಕೂ ಒಂದು ಚೀಟಿ ಇರುತ್ತಿತ್ತು. ಸೊನ್ನೆಯ ಕೆಳಗೆ ಕೂಡಿಸುವ ಗುರುತಿದ್ದರೆ ಹೆಣ್ಣು, ಬಾಣವಿದ್ದರೆ ಗಂಡು. ಇಷ್ಟನ್ನು ಮೊದಲ ವಾರವೇ ಕಲಿತೆ. ಪರೀಕ್ಷೆಯ ಸರದಿ ಬಂದ ಪಂಜರಗಳಿಗೆ ವಾರ ಮೊದಲೇ ಕೆಂಪು ಚೀಟಿ ಅಂಟಿಸುತ್ತಿದ್ದರು. ಪರೀಕ್ಷೆಯ ದಿನ ಪಂಜರ ಅಲ್ಲಾಡಿಸಿದ ಮೂರು ನಿಮಿಷದೊಳಗೆ ಬಾಲದಿಂದ ಒಂದು ಹನಿ ರಕ್ತ ತೆಗೆಯಬೇಕು. ಆಮೇಲೆ ಅರ್ಧ ಗಂಟೆ, ತಿರುಗಲೂ ಆಗದ ಒಂದು ಗಾಜಿನಂಥ ನಳಿಗೆಯಲ್ಲಿ ಇಲಿಯನ್ನು ಕೂರಿಸಿ ಮತ್ತೆ ಒಂದು ಹನಿ. ಬಿಟ್ಟು ಒಂದು ಗಂಟೆಯಾದ ಮೇಲೆ ಇನ್ನೊಂದು ಹನಿ. ರಸ ಎಷ್ಟು ಏರಿತು, ಎಷ್ಟು ಬೇಗ ಇಳಿಯಿತು ಎಂಬ ಲೆಕ್ಕ. ಇದೆಲ್ಲ ಆಚೆಯ ಕೋಣೆಯಲ್ಲಿ ನಡೆಯುತ್ತಿತ್ತು. ನಾನು ನೋಡಿಲ್ಲ. ನನಗೆ ಕಾಣುತ್ತಿದ್ದುದು ಒಂದೇ, ಕೆಂಪು ಚೀಟಿಯ ಪಂಜರಗಳು ಕೆಲವು ದಿನಗಳಲ್ಲಿ ಖಾಲಿಯಾಗಿ ನನ್ನ ಹತ್ತಿರ ತೊಳೆಯಲು ಬರುತ್ತಿದ್ದವು. ಇಲಿಗಳು ತಿರುಗಿ ಬರುತ್ತಿರಲಿಲ್ಲ.

ನೀವು ಇದನ್ನು ಓದಿ ಬೇಸರ ಮಾಡಿಕೊಳ್ಳಬೇಡಿ. ಅದು ಅಲ್ಲಿನ ಕೆಲಸ, ನಿಮ್ಮಮ್ಮನೂ ಆ ದಿನಗಳಲ್ಲಿ ಮನೆಗೆ ಬಂದು ಮಾತಾಡುತ್ತಿರಲಿಲ್ಲ. ಆದರೆ ನನಗೆ ಆ ಕೆಂಪು ಚೀಟಿ ನೋಡಿ ಸುಮ್ಮನಿರಲು ಆಗಲಿಲ್ಲ. ನಮ್ಮ ಕಡೆ ಹೆಣ್ಣುಮಗಳು ಮನೆಯಿಂದ ಹೊರಟರೆ ಬರಿಸೆರಗಿನಲ್ಲಿ ಕಳಿಸುವುದಿಲ್ಲ. ಸೆರಗು ಒಡ್ಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಉತ್ತತ್ತಿ, ಅಡಿಕೆ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ತವರಿಗೆ ಬಂದವಳಿಗೆ, ಬಸುರಿಗೆ, ಎರಡು ದಿನ ಉಳಿದು ಹೊರಟ ನೆಂಟರ ಹೆಂಗಸಿಗೂ. ಈ ಹೆಣ್ಣುಜೀವಗಳು ನಾನು ಕೊಟ್ಟ ನೀರು ಕುಡಿದು ಬೆಳೆದವು. ಎಲ್ಲಿಗೆ ಹೊರಟಿವೆ ಎಂಬುದು ಅವಕ್ಕೆ ಗೊತ್ತಿಲ್ಲ, ನನಗೆ ಗೊತ್ತಿದೆ.

ಅಕ್ಕಿ, ಅಡಿಕೆಯನ್ನು ಇಲಿಗೆ ಕೊಡುವಷ್ಟು ದಡ್ಡಿಯಲ್ಲ ನಾನು. ಬೆಲ್ಲ ಮಾತ್ರ ಕೊಟ್ಟೆ. ಜೋಳದ ಕಾಳಿನಷ್ಟು ಬೆಲ್ಲದ ಚೂರುಗಳನ್ನು ಕೈಗವಸಿನ ಮಣಿಕಟ್ಟಿನೊಳಗೆ ತೂರಿಸಿಕೊಂಡು ಹೋಗುತ್ತಿದ್ದೆ. ನೀರಿನ ಬಾಟಲಿ ಬದಲಿಸುವಾಗ, ಕೆಂಪು ಚೀಟಿಯ ಹೆಣ್ಣು ಪಂಜರವಾದರೆ ಮೇಲಿನ ಸರಳುಗಳ ಸಂದಿಯಿಂದ ತಲೆಗೊಂದು ಚೂರು. ಹೊರಡುವ ದಿನ ಒಮ್ಮೆ ಕೊಟ್ಟರೆ ಸಾಕಿತ್ತು. ಆದರೆ ಹೊರಡುವ ದಿನ ಯಾವುದೆಂದು ನನಗೆ ಹೇಳುತ್ತಿರಲಿಲ್ಲ. ಆದ್ದರಿಂದ ಏಳೂ ದಿನ ಬೆಳಗ್ಗೆ ಕೊಟ್ಟೆ.

"ತಗೋ ತಂಗೆವ್ವಾ. ಯಾಕ ಹಂಗ ನೋಡ್ತಿ? ನಾ ಏನ್ ನಿನ್ನ ತಿನ್ನಾಕ ಬಂದೀನೇನು?" ಎಂದು ಸಣ್ಣದಾಗಿ ಮಾತೂ ಆಡುತ್ತಿದ್ದೆ. ನಾಲ್ಕನೆಯ ದಿನಕ್ಕೆ ಅವು ಮೂಲೆಗೆ ಓಡುವುದನ್ನು ಬಿಟ್ಟು ಸರಳಿಗೆ ಮೂಗು ತಾಗಿಸಿ ಕಾಯುತ್ತಿದ್ದವು. ಈ ದೇಶದಲ್ಲಿ ನನ್ನ ಮಾತಿಗಾಗಿ ಕಾದು ಕುಳಿತವರು ಅವರೇ ಮೊದಲು.

ಗಂಡು ಇಲಿಗಳಿಗೆ ಏನೂ ಕೊಡಲಿಲ್ಲ. ಗಂಡಸಿಗೆ ಉಡಿ ಎಲ್ಲಿಂದ ಬರಬೇಕು? "ಹೋಗಿ ಬರ್ರೆಪ್ಪಾ" ಎಂದು ಹೇಳುತ್ತಿದ್ದೆ, ಅಷ್ಟೇ.

ಇನ್ನೊಂದು ಮಾತಿದೆ, ಅದನ್ನೂ ಬರೆದುಬಿಡುತ್ತೇನೆ. ನಿಮ್ಮಜ್ಜ ಹೋದ ಮೇಲೆ ನಾನು ಯಾರಿಗೂ ಉಡಿ ತುಂಬಿರಲಿಲ್ಲ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರು ಹೇಳುವ ಮೊದಲೇ ನಾನೇ ಬಾಗಿಲ ಹಿಂದೆ ಸರಿದು ನಿಂತೆ. ಅದೂ ನಾಚಿಕೆಯ ಒಂದು ಉಪಯೋಗ. ಇಲಿಗಳು ನನ್ನ ಹಣೆ ನೋಡಲಿಲ್ಲ. ಹಣೆ ಕಾಣುವಂತೆಯೂ ಇರಲಿಲ್ಲ ಬಿಡಿ, ಬಲೆ ಹುಬ್ಬಿನವರೆಗೆ ಇಳಿದಿರುತ್ತಿತ್ತು.

ಹೀಗೆ ಆರು ತಿಂಗಳು ನಡೆಯಿತು. ನಡುವೆ ನಿಮ್ಮಮ್ಮನಿಗೆ ದಿನ ನಿಂತು ಗುಂಡು ಹೊಟ್ಟೆಗೆ ಬಂದ. ಊಟ ಸೇರದೆ, ಡೈರಿ ಎನ್ನುವ ಇಲ್ಲಿನ ಮೂಲೆ ಅಂಗಡಿಯಲ್ಲಿ ಸಿಗುವ ಲಾಲಿ ಎಂಬ ಹುಳಿ ಮಿಠಾಯಿಗಳನ್ನು ಬಾಯಲ್ಲಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದಳು. ಒಂದು ದಿನ ಅಡುಗೆಮನೆಗೆ ಕುಣಿಯುತ್ತ ಬಂದು ಒಂದು ಲಕೋಟೆಯ ಹಿಂಬದಿಯಲ್ಲಿ ನಾಲ್ಕು ಕಂಬಗಳ ಚಿತ್ರ ಬರೆದಳು.

"ನೋಡಿ ಅತ್ತೆ. ಬಿಳಿಯವುಗಳಲ್ಲಿ ಹೆಣ್ಣು ಗಂಡಿಗೆ ಅಂಥ ವ್ಯತ್ಯಾಸ ಇಲ್ಲ. ಕರಿತಲೆಯವುಗಳಲ್ಲಿ ಹೆಣ್ಣು ಗಂಡಿಗಿಂತ ತುಂಬ ಮೇಲಿರ್ಬೇಕು. ಎಲ್ಲ ಕಡೆ ಹಾಗೇ ಬರುತ್ತೆ. ನಂದ್ರಲ್ಲಿ ಉಲ್ಟಾ! ಹೆಣ್ಣು ಕೆಳಗಿದೆ. ಬೇಗ ಇಳಿದೂಬಿಡುತ್ತೆ!"

"ಅಂದ್ರ ನಮ್ಮ ಹುಡುಗ್ಯಾರು ಗೆದ್ರು?" ಎಂದೆ.

"ಗೆದ್ರು ಅತ್ತೆ! ನಮ್ಮ ಪ್ರೊಫೆಸರ್ ಕೂಡ ಮೂರು ಸಲ ನೋಡಿದ್ರು. ಬೆಳಕು, ಶೆಕೆ, ಊಟದ ಮೂಟೆ, ಭೂಕಂಪ ಆದ ದಿನಗಳು, ಎಲ್ಲ ಚೆಕ್ ಮಾಡಿದ್ವಿ. ಯಾವ ಕಾರಣಾನೂ ಸಿಗಲಿಲ್ಲ. ಹಾಗಾದ್ರೆ ನಿಜ ಅಂತಾನೇ ಅರ್ಥ."

ನಾನು ಖುಷಿಯಿಂದ ಶಿರಾ ಮಾಡಿದೆ. ಬೆಲ್ಲ ಹಾಕಿ. ಒಲೆಯ ಮುಂದೆ ನಿಂತು ಆ ಬೆಲ್ಲ ಕುಟ್ಟುವಾಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ನನ್ನನ್ನು ವಿಜ್ಞಾನಿ ಎನ್ನುವವರು ಈ ಒಂದು ಶಿರಾವನ್ನು ನೆನಪಿಡಬೇಕು.

ಹೊಳೆದದ್ದು ಎರಡು ವಾರದ ಮೇಲೆ, ಚಿನ್ನಿಯ ನಾಲ್ಕು ವರ್ಷದ ಚುಚ್ಚುಮದ್ದಿನ ದಿನ. ಸೂಜಿ ಕಂಡು ಚಿನ್ನಿ ಕಿರುಚಿದಳು. ನರ್ಸಮ್ಮ ಅವಳ ಬಾಯಿಗೆ ಒಂದು ಲಾಲಿ ಇಟ್ಟಳು, ಕಿರುಚಾಟ ಅರ್ಧಕ್ಕೆ ಇಳಿಯಿತು. ತಿರುಗಿ ಬರುವಾಗ ಕಾರಿನಲ್ಲಿ ನಿಮ್ಮಮ್ಮ ಸಹಜವಾಗಿ ಹೇಳಿದಳು, "ಸಿಹಿ ಕೆಲಸ ಮಾಡುತ್ತೆ ಅತ್ತೆ. ಇಲಿಗಳಿಗೂ ದಿನಾ ಸ್ವಲ್ಪ ಸಿಹಿ ಕೊಟ್ರೆ ಆ ಹಾರ್ಮೋನ್ ಅಷ್ಟು ಏರಲ್ಲ. ಅದು ಗೊತ್ತಿರೋ ವಿಷಯಾನೇ."

ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ನನ್ನ ಸ್ವಂತ ಗಾಬರಿ ರಸ ಆಗ ಎಲ್ಲಿಗೆ ಏರಿತು ಎಂದು ಅಳೆಯಲು ಅಲ್ಲಿ ಯಾರ ಬಳಿಯೂ ನಳಿಗೆ ಇರಲಿಲ್ಲ. ಇದ್ದಿದ್ದರೆ ಆ ನಳಿಗೆ ಒಡೆಯುತ್ತಿತ್ತು.

ಹುಡುಗಿಯರು ಗೆದ್ದಿರಲಿಲ್ಲ. ನಾನು ಅವರಿಗೆ ಲಂಚ ಕೊಟ್ಟಿದ್ದೆ. ನಿಮ್ಮಮ್ಮನ ನಾಲ್ಕು ವರ್ಷದ ದುಡಿಮೆಯ ತುದಿಯಲ್ಲಿ ಕುಳಿತಿದ್ದ ಹೊಸ ಸಂಗತಿ ಜೋಳದ ಕಾಳಿನಷ್ಟು ಬೆಲ್ಲ. ಹೇಳಿದರೆ ಅವಳ ಕೊನೆಯ ಅಧ್ಯಾಯ ಬೀಳುತ್ತದೆ. ಅದನ್ನು ಹೊಟ್ಟೆ ಹೊತ್ತುಕೊಂಡು ಮತ್ತೆ ಮೊದಲಿನಿಂದ ಮಾಡಬೇಕು. ಹೇಳದಿದ್ದರೆ ಅವಳ ಹೆಸರಿನಲ್ಲಿ ಒಂದು ಸುಳ್ಳು ಅಚ್ಚಾಗುತ್ತದೆ, ಅವಳಿಗೇ ಗೊತ್ತಿಲ್ಲದೆ.

ಮೊದಲು ನಿಮ್ಮಪ್ಪನಿಗೆ ಹೇಳಿದೆ. ಅವನು ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಯಂತ್ರದ ಸದ್ದಿನಲ್ಲಿ ಹೇಳುವುದು ನನಗೆ ಸುಲಭವಾಗಿ ಕಂಡಿತು. ಅವನು ಅದನ್ನು ಆರಿಸಿಬಿಟ್ಟ.

"ಇಲಿಗೆ ಏನ್ ತುಂಬಿದಿ?"

"ಉಡಿ."

ಅವನು ಕೈಗೆ ಹತ್ತಿದ ಹುಲ್ಲು ಒರೆಸಿಕೊಂಡ. ಆಮೇಲೆ, "ಅವ್ವಾ, ಇನ್ನ ಆರು ವಾರದಾಗ ಆಕಿ ಥೀಸಿಸ್ ಕೊಡ್ತಾಳ. ಈಗ ಏನೂ ಹೇಳಬ್ಯಾಡ" ಎಂದ.

"ಸುಳ್ಳಾಗೂದಿಲ್ಲೇನೋ?"

"ಯಾರಿಗ್ ಗೊತ್ತಾಕ್ಕೇತಿ? ಇಲಿಗೋಳು ಎದ್ ಬಂದು ಸಾಕ್ಷಿ ಹೇಳ್ತಾವೇನು? ಮತ್ತ ಮಂದಿ ಏನ್ ಅಂತಾರ ವಿಚಾರ ಮಾಡು. ಅತ್ತಿ ಬೇಕಂತನ ಸೊಸಿ ಓದು ಕೆಡಿಸಿದ್ಲು ಅಂತಾರ. ಇಡೀ ನ್ಯೂಜಿಲೆಂಡ್ ಕನ್ನಡದವ್ರಿಗೆ ಒಂದ್ ವರ್ಷಕ್ಕಾಗೂವಷ್ಟು ಮಾತು."

ನಿಮ್ಮಪ್ಪ ಕೆಟ್ಟವನಲ್ಲ. ಅವನು ಮೇಜಿನ ಕೆಳಗೆ ಮೊದಲು ಹೋಗುವ ವಂಶದವನು, ಅಷ್ಟೇ. ಆ ವಂಶ ನನ್ನದೇ. ಹಾಗಾಗಿ ನಾನೂ ಅವನ ಜೊತೆ ಮೂರು ದಿನ ಮೇಜಿನ ಕೆಳಗೆ ಕುಳಿತೆ. ಬೆಲ್ಲ ತೀರ ಸಣ್ಣದಿತ್ತು ಎಂದು ಸಮಾಧಾನ ಮಾಡಿಕೊಂಡೆ. ಕೆಲವು ಇಲಿಗಳು ತಿನ್ನದೆ ಬಿಟ್ಟಿರಬಹುದು ಎಂದುಕೊಂಡೆ. ಒಂದೂ ಬಿಟ್ಟಿರಲಿಲ್ಲ, ಪಂಜರ ತೊಳೆದವಳು ನಾನೇ. ಈ ನಡುವೆ ನಿಮ್ಮಮ್ಮ ದಿನವೂ ಆ ನಾಲ್ಕು ಕಂಬಗಳನ್ನು ಇನ್ನಷ್ಟು ಚೆಂದದ ಬಣ್ಣಗಳಲ್ಲಿ ಬರೆಯುತ್ತಿದ್ದಳು. ಹೆಣ್ಣಿನ ಕಂಬಕ್ಕೆ ಯಾವ ಬಣ್ಣ ಹಾಕಲಿ ಎಂದು ನನ್ನನ್ನೇ ಕೇಳಿದಳು. ಬೆಲ್ಲದ ಬಣ್ಣ ಎಂದು ಬಾಯಿಗೆ ಬಂದಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಕಾರಿನಲ್ಲಿ ಹೇಳಿದೆ. ಕಾರು ನಾಚುವವರಿಗೆ ಒಳ್ಳೆಯ ಜಾಗ. ಇಬ್ಬರೂ ಮುಂದೆ ನೋಡುತ್ತ ಕುಳಿತಿರುತ್ತಾರೆ, ಮುಖ ನೋಡಬೇಕಿಲ್ಲ. ಕೆಂಪು ದೀಪಕ್ಕೆ ನಿಂತಾಗ ಶುರು ಮಾಡಿದೆ.

"ನಾ ಒಂದ್ ತಪ್ ಮಾಡೀನಿ."

"ಮತ್ತೆ ಪಾತ್ರೆ ತೊಳೆಯೋ ಸೋಪು ವಾಷಿಂಗ್ ಮೆಷಿನ್ನಿಗೆ ಹಾಕಿದ್ರಾ?"

"ಅಲ್ಲ. ನಿನ್ನ ಹೆಣ್ಣ ಇಲಿಗೆ ದಿನಾ ಬೆಲ್ಲಾ ಕೊಟ್ಟೀನಿ."

ದೀಪ ಹಸಿರಾಯಿತು. ನಿಮ್ಮಮ್ಮ ಹೊರಡಲಿಲ್ಲ. ಹಿಂದಿನ ಯೂಟ್ ಗಾಡಿಯವನು ಹಾರ್ನ್ ಮಾಡಿದ. ಅವಳು ನಿಧಾನವಾಗಿ ಮುಂದೆ ಹೋಗಿ ಒಂದು ಡೈರಿ ಅಂಗಡಿಯ ಮುಂದೆ ನಿಲ್ಲಿಸಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಪೆನ್ನು ಹುಡುಕಿದಳು.

"ಎಲ್ಲ ಹೆಣ್ಣಿಗೂನಾ?"

"ಕೆಂಪ್ ಚೀಟಿ ಇದ್ದವ್ಕ."

"ಎರಡೂ ವಂಶಕ್ಕೆ?"

"ಹೆಣ್ಣಮಕ್ಕಳಾಗ ಭೇದ ಮಾಡಬಾರದು."

"ಗಂಡಿಗೆ?"

"ಇಲ್ಲ."

"ಎಷ್ಟು? ಎಷ್ಟು ಹೊತ್ತಿಗೆ? ಎಷ್ಟು ದಿನ?"

ಎಲ್ಲ ಹೇಳಿದೆ. ಲಕೋಟೆಯ ಮೇಲೆ ಬರೆದುಕೊಂಡಳು. ಬರೆದು ಮುಗಿಸಿದ ಮೇಲೆ ಪೆನ್ನಿನ ಮುಚ್ಚಳ ಹಾಕಿ, ಆಗ ಅತ್ತಳು. ನಾನು ಅವಳ ಬೆನ್ನು ಸವರಬೇಕಿತ್ತು. ಬೆಲ್ಟು ಬಿಚ್ಚಲು ಬರದೆ ಕಟ್ಟಿಹಾಕಿದ ಹಾಗೆ ಕುಳಿತೇ ಇದ್ದೆ. ನಳಿಗೆಯಲ್ಲಿ ಕುಳಿತ ಇಲಿಗೆ ಹೇಗಿರುತ್ತದೆಂದು ಆಗ ತಿಳಿಯಿತು.

"ಯಾಕತ್ತೆ ಕೊಟ್ರಿ?" ಎಂದು ಕೊನೆಗೆ ಕೇಳಿದಳು.

"ಬರಿ ಉಡಿಲೆ ಹೆಂಗ್ ಕಳಸೂದು?"

ಅವಳು ಇಳಿದು ಹೋಗಿ, ಅಂಗಡಿಯಿಂದ ಎರಡು ಐಸ್‌ಕ್ರೀಮ್ ತಂದು, ಒಂದನ್ನು ನನಗೆ ಕೊಟ್ಟಳು. ಬೆಳಗಿನ ಎಂಟು ಗಂಟೆ, ಚಳಿ ಬೇರೆ. ಇಬ್ಬರೂ ಪೂರ್ತಿ ತಿಂದೆವು. ಸಿಹಿ ಕೆಲಸ ಮಾಡುತ್ತದೆ ಎಂಬುದು ಗೊತ್ತಿರುವ ವಿಷಯವೇ.

ಅದೇ ದಿನ ಪ್ರೊಫೆಸರರ ಕೋಣೆಯಲ್ಲಿ ನನ್ನನ್ನು ಕೂರಿಸಿದರು. ಪ್ರೊಫೆಸರ್, ಮೇಲ್ವಿಚಾರಕಿ, ನಿಮ್ಮಮ್ಮ. "ನಾನು ಹೇಳ್ತೀನಿ" ಎಂದು ನಿಮ್ಮಮ್ಮ ಬಾಯಿ ತೆರೆದಳು. ನನ್ನ ತಪ್ಪನ್ನು ಬಸುರಿ ಸೊಸೆಯ ಬಾಯಿಂದ ಹೇಳಿಸುವಷ್ಟು ನಾಚಿಕೆ ನನಗೂ ಇರಲಿಲ್ಲ. ಎದ್ದು ನಿಂತು, ನನ್ನ ಜೀವಮಾನದ ಅತಿ ಉದ್ದದ ಇಂಗ್ಲಿಷ್ ಭಾಷಣ ಮಾಡಿದೆ. "ಐ ಗಿವ್ ಜಾಗರಿ. ಓನ್ಲಿ ಗರ್ಲ್ಸ್. ಸೆವೆನ್ ಡೇಸ್. ವೆರಿ ಸಾರಿ."

ಪ್ರೊಫೆಸರ್ ಕನ್ನಡಕ ತೆಗೆದು, "ವೈ?" ಎಂದರು.

ಉಡಿ ಎಂಬುದಕ್ಕೆ ನನ್ನ ಬಳಿ ಇಂಗ್ಲಿಷ್ ಇರಲಿಲ್ಲ. "ಬಿಕಾಸ್ ದೇ ಆರ್ ಗೋಯಿಂಗ್" ಎಂದೆ.

ಮೇಲ್ವಿಚಾರಕಿ ಕಿಟಕಿಯ ಕಡೆ ನೋಡುತ್ತ, "ಮೈ ನಾನ್ ವುಡ್ ಹ್ಯಾವ್ ಡನ್ ದ ಸೇಮ್" ಎಂದಳು. ಅವಳ ಅಜ್ಜಿಯೂ ಹಾಗೇ ಮಾಡುತ್ತಿದ್ದಳಂತೆ. ಹಾಗೆಂದು ಬಿಡಲಿಲ್ಲ. ಅಂದಿನಿಂದ ಇಲಿಗಳ ಕೋಣೆಗೆ ನನಗೆ ಪ್ರವೇಶವಿಲ್ಲ, ತೊಳೆಯುವ ಕೋಣೆ ಮಾತ್ರ. ಗೋಡೆಯ ಮೇಲಿನ ನಿಯಮಗಳ ಕೊನೆಗೆ ತನ್ನ ಕೈಯಿಂದಲೇ ಇನ್ನೊಂದು ಸಾಲು ಸೇರಿಸಿದಳು: ನೋ ಜಾಗರಿ. ಆಮೇಲೆ ಕೆಲಸಕ್ಕೆ ಬಂದವರೆಲ್ಲ ಅದೇನೆಂದು ಕೇಳುತ್ತಿದ್ದರು. ಪ್ರತಿಸಲವೂ ಕತೆ ಹೇಳಲಾಗುತ್ತಿತ್ತು. ನಾನು ಆಚೆ ಕೋಣೆಯಲ್ಲಿ ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆಯುತ್ತಿದ್ದೆ.

ಹೆಣ್ಣು ಇಲಿಗಳ ಆ ಭಾಗವೆಲ್ಲ ಮತ್ತೆ ಮೊದಲಾಯಿತು. ಈ ಸಲ ಕರಿತಲೆಯ ಹುಡುಗಿಯರ ಕಂಬ, ಎಲ್ಲರೂ ಹೇಳಿದ್ದ ಹಾಗೆ, ಗಂಡಿಗಿಂತ ಎಷ್ಟೋ ಮೇಲೆ ನಿಂತಿತು, ಇಳಿಯಲು ಹೊತ್ತೂ ತೆಗೆದುಕೊಂಡಿತು. ಹೊಸದೇನೂ ಇಲ್ಲ. ನಿಮ್ಮಮ್ಮ ಲಕೋಟೆಯ ಮೇಲೆ ಹೊಸ ಚಿತ್ರ ಬರೆದು ತೋರಿಸಿ, "ಇದು ನಿಜ ಅತ್ತೆ" ಎಂದಳು. ಬೇಸರದಲ್ಲಿ ಹೇಳಿದಳೋ ಸಮಾಧಾನದಲ್ಲಿ ಹೇಳಿದಳೋ ನನಗೆ ಇಂದಿಗೂ ತಿಳಿಯದು. ಆ ಸಲ ನಾನು ಶಿರಾ ಮಾಡಲಿಲ್ಲ. ಉಪ್ಪಿಟ್ಟು ಮಾಡಿದೆ.

ಮನೆಯಲ್ಲಿ ಮಾತ್ರ ಅವಳು ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಿತ್ತು.

ಏಳನೆಯ ತಿಂಗಳಲ್ಲಿ ಅವಳಿಗೆ ಸೀಮಂತ ಇಟ್ಟುಕೊಂಡರು, ನಮ್ಮ ಕಡೆಯ ಕುಬಸ. ಮೈಸೂರಿನವರು, ಬೆಂಗಳೂರಿನವರು, ಧಾರವಾಡದವರು ಎಂದು ಹದಿನೈದು ಹೆಂಗಸರು ಬಂದಿದ್ದರು. ನಿಮ್ಮಮ್ಮ ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ಒಬ್ಬೊಬ್ಬರೇ ಬಂದು ಉಡಿ ತುಂಬುತ್ತಿದ್ದರು. ನಾನು ನನ್ನ ಜಾಗದಲ್ಲಿದ್ದೆ. ಸಿಂಕಿನ ಮುಂದೆ.

"ಅತ್ತೆ" ಎಂದು ಕೇಳಿಸಿತು. ನಲ್ಲಿ ಜೋರು ಮಾಡಿದೆ.

"ಅತ್ತೆ, ನಲ್ಲಿ ನಿಲ್ಸಿ ಬನ್ನಿ. ನೀವೂ ತುಂಬಬೇಕು."

ಬಾಗಿಲಿಗೆ ಬಂದು ನಿಂತೆ. ಹದಿನೈದು ಜನ ನೋಡುತ್ತಿದ್ದರು. "ನಂಗ ಬರಂಗಿಲ್ಲವ್ವಾ ಅದು" ಎಂದೆ.

"ಇಲಿಗಳಿಗೆ ಬರುತ್ತೆ, ನನಗೆ ಬರಲ್ವಾ?" ಎಂದಳು ನಿಮ್ಮಮ್ಮ. "ನಾನೇನು ಅವುಗಳಿಗಿಂತ ಕಡೆಯಾ?"

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಕತೆ ಎಲ್ಲರಿಗೂ ತಲುಪಿತ್ತು ಎಂದು ಆಗ ಗೊತ್ತಾಯಿತು. ನಿಮ್ಮಪ್ಪ ಹೇಳಿದ್ದ ಒಂದು ವರ್ಷದ ಮಾತು ಎರಡೇ ತಿಂಗಳಲ್ಲಿ ಮುಗಿದಿತ್ತು. ಧಾರವಾಡದ ಒಬ್ಬಾಕೆ, "ಬರ್ರಿ ಆಂಟಿ, ಲಗೂನ. ಆಕಿ ಸೊಂಟ ಹಿಡೀತು ಕುಂತ ಕುಂತ" ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

ನಿಮ್ಮಮ್ಮ ಸೆರಗು ಒಡ್ಡಿದಳು. ಅಕ್ಕಿ ಹಾಕಿದೆ. ಕೊಬ್ಬರಿ ಹಾಕಿದೆ. ಬೆಲ್ಲದ ಅಚ್ಚು ಇತ್ತು, ಇಡಿಯಾಗಿ ಇಡಬೇಕಿತ್ತು. ನನ್ನ ಬೆರಳುಗಳು ಆರು ತಿಂಗಳ ರೂಢಿಯಂತೆ ಅದರ ಮೂಲೆಯಿಂದ ಜೋಳದ ಕಾಳಿನಷ್ಟು ಚೂರು ಮುರಿದು ಅವಳ ಸೆರಗಿನಲ್ಲಿ ಹಾಕಿದವು.

ನಿಮ್ಮಮ್ಮ ಆ ಚೂರನ್ನು ನೋಡಿದಳು, ನನ್ನನ್ನು ನೋಡಿದಳು. "ಅತ್ತೆ, ನಾನು ಎಪ್ಪತ್ತು ಕೆ.ಜಿ. ಇದೀನಿ. ಡೋಸ್ ಜಾಸ್ತಿ ಮಾಡಿ" ಎಂದಳು.

ಅಚ್ಚಿಗೆ ಅಚ್ಚೇ ಇಟ್ಟೆ. ಆಮೇಲೆ ನನ್ನ ಕಣ್ಣಿಗೆ ಏನೂ ಸರಿಯಾಗಿ ಕಾಣದೆ ಉತ್ತತ್ತಿಯನ್ನು ನೆಲಕ್ಕೆ ಹಾಕಿದೆ. ಚಿನ್ನಿ ಅದನ್ನು ಆರಿಸಿ ತಿಂದಳು.

ಗುಂಡು ಹುಟ್ಟಿದ. ಪ್ರಬಂಧ ಏಳು ತಿಂಗಳು ತಡವಾಗಿ ಮುಗಿಯಿತು. ಚಿನ್ನಿ ಶಾಲೆಯಲ್ಲಿ ಓದಿದ ಸಾಲು, ಇಲಿಗಳ ವಿಷಯದಲ್ಲಿ ನೆರವಾದ ಅತ್ತೆಗೆ ಎಂದಷ್ಟೇ ಇದೆ. ನಿಮ್ಮಮ್ಮ ಅದನ್ನು ನಗದೆ ಬರೆದಳು ಎಂದು ನಾನು ನಂಬುವುದಿಲ್ಲ. ಈಗ ಮನೆಯಲ್ಲಿ ಮುಚ್ಚಳ ಬಿದ್ದರೆ ಚಿನ್ನಿ ತಿರುಗಿಯೂ ನೋಡುವುದಿಲ್ಲ, ಗುಂಡು ಮಾತ್ರ ನನ್ನ ಹಾಗೆ ಹಾರಿ ಬೀಳುತ್ತಾನೆ. ನಾಚಬೇಡ ಗುಂಡೂ. "ಸಾಕು" ನಮಗೂ ಕೇಳಿಸುತ್ತದೆ, ತಡವಾಗಿ.

ಈ ಹಾಳೆಗಳನ್ನು ನಾನು ನೀಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದೇನೆ. ನೀವೇ ಓದಿಕೊಳ್ಳುವಷ್ಟು ಕನ್ನಡ ಕಲಿಯುವವರೆಗೆ ಜೋಪಾನ ಮಾಡಿ. ಗ್ಯಾರೇಜಿನಲ್ಲಿ ಮಾತ್ರ ಇಡಬೇಡಿ. ಚಳಿಗಾಲದಲ್ಲಿ ಅಲ್ಲಿ ಇಲಿ ಸೇರುತ್ತವೆ. ಬಸುರಿ ಇಲಿಯ ಕೈಗೆ ಒಳ್ಳೆಯ ಕಾಗದ ಸಿಕ್ಕರೆ ಒಂದು ಗಂಟೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮುಚ್ಚಳ ಬಿಗಿಯಾಗಿ ಒತ್ತಿ. ಒಳಗೆ ಸಿಹಿ ಏನನ್ನೂ ಇಡಬೇಡಿ.